ಮೂರು ಚಾಪುಡಿ, ಎರಡು ಬಾವಿ

ಹಾಲು ಹಾಕದೆ ಕುಡಿಯಲು ಯಾವ ಚಾ ಒಳ್ಳೆಯದು ಅಂತ ಅಂಗಡಿಯ ಪುಡಿ, ಡಬ್ಬಿಯ ಚಾ, ನೀಲಗಿರಿಯ ಎಲೆ ಚಾ ಮೂರನ್ನೂ ಮಾಡಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನೀಲಗಿರಿಗೆ. 450 ರೂಪಾಯಿ ಕೊಟ್ಟು ತರಿಸಿದ 100 ಗ್ರಾಮಿನ ‘ಬ್ರೇಕ್‌ಫಾಸ್ಟ್’ ಡಬ್ಬಿ ಇನ್ನೂ ಮುಗಿದಿಲ್ಲ. ಆ ಹೊಟ್ಟೆಯುರಿಗೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಬೆಳಿಗ್ಗೆ ಹಾಲು ಹಾಕದ ಚಾ ಬೇಕು. ಶಿರಸಿಯಲ್ಲಿದ್ದಾಗಿನಿಂದ ಅದೇ ರೂಢಿ. ಈಗ ಕಾರವಾರದಲ್ಲಿ ಬಾಡಿಗೆ ಮನೆ, ಸಮುದ್ರ ಹತ್ತಿರ, ನೀರು ಬಾವಿಯದ್ದು.

ಅಂಗಡಿಯ ಸಿಟಿಸಿ ಪುಡಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಿಟಿಸಿ ಅಂದರೆ ಎಲೆಯನ್ನು ಜಜ್ಜಿ, ಹರಿದು, ಕಾಳು ಮಾಡುವುದು; ಅದರ ಯಂತ್ರ ಅಸ್ಸಾಮಿನಲ್ಲಿ 1930ರ ದಶಕದಲ್ಲಿ ಬಂತು. ಬೇಗ ಬಣ್ಣ ಬಿಡುತ್ತದೆ, ಹಾಲು ಹಾಕಿ ಕುದಿಸಿದರೆ ಅದಕ್ಕೆ ಸಾಟಿ ಇಲ್ಲ. ಹಾಲಿಲ್ಲದೆ ಕುಡಿದರೆ ನಾಲಿಗೆ ಒಗರು.

ಡಬ್ಬಿಯ ಚಾದಲ್ಲಿ ಅಸ್ಸಾಂ, ಸಿಲೋನ್, ಕೀನ್ಯಾ ಮೂರೂ ಸೇರಿವೆ. ಮುಚ್ಚಳ ತೆಗೆದಾಗ ಪರಿಮಳ ಚೆನ್ನಾಗಿಯೇ ಇತ್ತು. ಮೊದಲ ಕಪ್ಪು ಸೋಸಿ ಎರಡು ನಿಮಿಷ ಆಗಿರಲಿಲ್ಲ, ಮೇಲೆ ಒಂದು ಪದರ ಕಟ್ಟಿತು. ಬೆಳಕಿಗೆ ಹಿಡಿದರೆ ಎಣ್ಣೆಯ ಹಾಗೆ ಬಣ್ಣ. ಚಮಚ ಆಡಿಸಿದರೆ ಒಡೆದು ಚೂರುಚೂರಾಗಿ ಕಪ್ಪಿನ ಅಂಚಿಗೆ ಅಂಟಿತು. ಬಂದಿದ್ದ ಆಯಿ ಇಣುಕಿ ನೋಡಿ, “ಎಂತದೇ ಇದು ಕೂಸೆ, ಚಾ ಮೇಲೆ ಎಣ್ಣೆ?” ಅಂದಳು. ಪಾತ್ರೆ ಸೋಪು ಹಾಕಿ ತಿಕ್ಕಿದೆ. ಸೋಸುವ ಜರಡಿ ಬದಲಿಸಿದೆ. ಮತ್ತೆ ಅದೇ. ಕಲಬೆರಕೆ ಮಾಲು ಅಂತ ಮಾರಿದವರನ್ನು ಒಂದು ವಾರ ಬೈದೆ.

ಆಮೇಲೆ ನೀಲಗಿರಿ ಎಲೆಯಲ್ಲೂ ಅದೇ ಪದರ ಕಂಡಿತು. ಅಂದರೆ ತಪ್ಪು ಚಾದ್ದಲ್ಲ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಕರೆ ಕಟ್ಟುತ್ತಿದ್ದುದು ಆಗ ನೆನಪಾಯಿತು. ಬಾವಿ ನೀರಿನಲ್ಲಿ ಸುಣ್ಣದಂಶ ಜಾಸ್ತಿ, ಅದು ಚಾದ ಒಗರಿನ ಜೊತೆ ಸೇರಿ ಹೀಗೆ ಮೇಲೆ ತೇಲುತ್ತದೆ. ಶಿರಸಿಗೆ ಹೋದಾಗ ಮನೆಯ ಬಾವಿಯಿಂದ ಐದು ಲೀಟರಿನ ಕ್ಯಾನಿನಲ್ಲಿ ನೀರು ತಂದೆ. ದೇವಿಮನೆ ಘಾಟಿ ಇಳಿಸಿ ನೀರು ತರುವವರು ಯಾರಾದರೂ ಇದ್ದಾರಾ, ನಾನೇ ಮೊದಲು ಇರಬೇಕು! ಅದರಲ್ಲಿ ಮೂರೂ ಚಾ ಕನ್ನಡಿಯ ಹಾಗೆ ಬಂತು.

ದಿನಾ ಕ್ಯಾನು ಹೊರಲು ಆಗುವುದಿಲ್ಲ ಅಲ್ವಾ? ಈಗ ರಾತ್ರಿಯೇ ನೀರನ್ನು ಹತ್ತು ನಿಮಿಷ ಕುದಿಸಿ ಇಡುತ್ತೇನೆ. ಸುಣ್ಣ ತಳಕ್ಕಿಳಿಯುತ್ತದೆ, ಬೆಳಿಗ್ಗೆ ಮೇಲಿನ ತಿಳಿಯಷ್ಟೇ ಬಳಸುತ್ತೇನೆ. ನಾಲ್ಕು ಹನಿ ಲಿಂಬೆ ಹಿಂಡಿದರೂ ಪದರ ಹೋಗುತ್ತದೆ, ಆದರೆ ಚಾದ ಬಣ್ಣವೂ ತೆಳುವಾಗುತ್ತದೆ.

ನೀರು ಸರಿಯಾದ ಮೇಲೂ ಡಬ್ಬಿಯ ಚಾ ನನಗೆ ಹೊಂದಲಿಲ್ಲ. ಹಾಲಿಗೆಂದೇ ಮಾಡಿದ ಮಿಶ್ರಣ ಅದು. ನಾಲ್ಕು ನಿಮಿಷ ದಾಟಿದರೆ ಕಹಿ. ನಾನೋ ಅರ್ಧ ಕಪ್ಪು ಕುಡಿದು ಬಟ್ಟೆ ಒಣಗಿಸಲು ಹೋಗುವವಳು. ತಿರುಗಿ ಬರುವಷ್ಟರಲ್ಲಿ ಅದು ಆರಿ, ಕೆಸರು ನೀರಿನ ಹಾಗೆ ಮಬ್ಬಾಗಿರುತ್ತದೆ. ನೀಲಗಿರಿ ಚಾ ಆರಿದರೂ ತಿಳಿಯಾಗಿಯೇ ಇರುತ್ತದೆ. ಐಸ್ ಟೀ ಮಾಡುವವರು ಇದನ್ನು ಇಷ್ಟಪಡುವುದೂ ಅದಕ್ಕೇ.

ಭಾವ ನೀಲಗಿರಿಯ ಕೂನೂರಿನಿಂದ ತಂದದ್ದು 250 ಗ್ರಾಂ, 220 ರೂಪಾಯಿ. ಕಪ್ಪಿಗೆ 2 ಗ್ರಾಂ ಹಾಕಿದರೆ ಎರಡು ರೂಪಾಯಿಯೂ ಬೀಳುವುದಿಲ್ಲ. ಡಬ್ಬಿಯದ್ದು ಒಂಬತ್ತು! ನೀರು ಕುದಿ ಬಂದ ತಕ್ಷಣ ಒಲೆ ಆರಿಸಿ, ಎಲೆ ಹಾಕಿ, ಮೂರು ನಿಮಿಷ ಮುಚ್ಚಿಡುತ್ತೇನೆ. ಸಕ್ಕರೆ ಬೇಡ. ಬನ್ಸ್ ಇದ್ದ ದಿನ ಮಾತ್ರ ಅರ್ಧ ಚಮಚ ಜೋನಿ ಬೆಲ್ಲ.

ಗಟ್ಟಿ ಹಾಲಿನ ಚಾ ಕುಡಿಯುವ ಮನೆಯಾದರೆ ಸುಮ್ನೆ ಸಿಟಿಸಿ ತನ್ನಿ. ಡಬ್ಬಿಯಲ್ಲಿ ಇನ್ನು 30 ಗ್ರಾಂ ಇದೆ, ನೆಂಟರು ಬಂದಾಗ ಹಾಲು ಹಾಕಿ ಮುಗಿಸುತ್ತಿದ್ದೇನೆ.