ಕಲಬುರಗಿಯಲ್ಲಿ ಪೊಲೀಸ್ ಫಿಸಿಕಲ್ ಕೋಚಿಂಗ್ ಸೇರೋರು ರೊಕ್ಕ ಕಟ್ಟೋಕ್ ಮೊದಲು ಓದ್ರಿ

ಬಿದ್ದಿಲ್ಲ, ಗಾಡಿ ಗುದ್ದಿಲ್ಲ. ಆದ್ರೂ ನನ್ನ ಎಡ ಮೊಣಕಾಲ ಕೆಳಗಿನ ಎಲುಬು ಬಿರುಕು ಬಿಟ್ಟದ. ಓಡಿಸಿ ಓಡಿಸಿ ಬಿರುಕು ಬಿಡಿಸ್ಯಾರ.

ಪೊಲೀಸ್ ಫಿಸಿಕಲ್ ಟೆಸ್ಟಿನಾಗ ಹುಡುಗರು 1600 ಮೀಟರ್ ಓಟ ಆರೂವರೆ ನಿಮಿಷದಾಗ ಮುಗಿಸ್ಬೇಕು, ತಯಾರಿ ಮಾಡೋ ಹುಡುಗರಿಗೆಲ್ಲ ಗೊತ್ತದ. ಅದಕ್ಕೆ ಸ್ವಲ್ಪಸ್ವಲ್ಪ ಹೆಚ್ಚಿಸ್ಕೊಂತ ಹೋಗ್ಬೇಕು. ಈ ಕೋಚಿಂಗ್‌ನವರು ನಾ ಸೇರಿದ ಮೊದಲನೇ ವಾರದಿಂದಲೇ ರಿಂಗ್ ರೋಡಿನ ಮ್ಯಾಲೆ ಫುಲ್ ಸ್ಪೀಡ್ ಓಡಿಸಿದ್ರು, ದಿನಾ, ಒಂದು ರಜೆನೂ ಇಲ್ಲ. ಪಿಂಡ್ರಿ ಮುಂದಿನ ಎಲುಬು ನೋಯ್ತದ ಸರ್ ಅಂದೆ. "ಹೊಸದಾಗಿ ಎಲ್ಲಾರ್ಗೂ ಆಗ್ತದ ತಮ್ಮಾ, ಓಡು, ಓಡಿದ್ರ ಹೋಗ್ತದ" ಅಂದ್ರು. ಮ್ಯಾಲೆ ಒಂದು ಪೌಡರ್ ಡಬ್ಬಿನೂ ಮಾರಿದ್ರು.

ನೋವು ಒಂದೇ ಬೆರಳಿನಷ್ಟು ಜಾಗದಾಗ ಕೂತ್ಕೊಂಡ್ತು. ರಾತ್ರಿ ಮಲಗಿದ್ರೂ ನೋವು. ಎಕ್ಸರೇ ತೆಗೆಸಿದೆ, ಏನೂ ಕಾಣ್ಲಿಲ್ಲ. ಆ ಎಕ್ಸರೇನ ಇಡೀ ಬ್ಯಾಚ್ ಮುಂದ ಎತ್ತಿ ಹಿಡಿದು "ನೋಡ್ರಪ್ಪಾ, ಏನೂ ಇಲ್ಲ, ಇವಂಗ ಓಡ್ಲಿಕ್ಕಿ ಮನಸಿಲ್ಲ" ಅಂದ್ರು. ಎಲ್ಲರೂ ನಕ್ಕರು. ಹುಡುಗೇರೂ ಇದ್ರು ಅಲ್ಲಿ. ಆ ಅವಮಾನಕ್ಕೇ ಮತ್ತ ಓಡ್ದೆ. ಅವರಿಗೆ ಬೇಕಾಗಿದ್ದೂ ಅದೇ.

ಆಮ್ಯಾಲೆ ಎಂಆರ್‌ಐದಾಗ ಗೊತ್ತಾಯ್ತು, ಸ್ಟ್ರೆಸ್ ಫ್ರ್ಯಾಕ್ಚರ್. ಶುರುವಿನ ವಾರಗಳಲ್ಲಿ ಇದು ಎಕ್ಸರೇದಾಗ ಬಹಳ ಸಲ ಕಾಣೋದೇ ಇಲ್ಲಂತ! ಡಾಕ್ಟರ್ ಬಿಡಿಸಿ ಹೇಳಿದ್ರು: ಓಡುವಾಗ ಎಲುಬಿಗೆ ಸಣ್ಣಸಣ್ಣ ಪೆಟ್ಟು ಬೀಳ್ತಾವ, ವಿಶ್ರಾಂತಿ ಸಿಕ್ಕರೆ ಎಲುಬು ತಾನೇ ರಿಪೇರಿ ಮಾಡ್ಕೊಂಡು ಗಟ್ಟಿ ಆಗ್ತದ, ಸಿಗದಿದ್ರೆ ಪೆಟ್ಟಿನ ಮ್ಯಾಲೆ ಪೆಟ್ಟು ಬಿದ್ದು ಬಿರುಕು. ಓಡೋ ದಮ್ಮು ಕೆಲವೇ ವಾರದಾಗ ಬರ್ತದ, ಎಲುಬಿಗೆ ತಿಂಗಳುಗಟ್ಟಲೆ ಬೇಕು. ದಮ್ಮು ಬಂತಂತ ಓಟ ಒಮ್ಮೆಲೇ ಏರಿಸ್ಬಾರ್ದು. ಕೋಚಿಂಗ್ ನಡೆಸೋರಿಗೆ ಇಷ್ಟೂ ಗೊತ್ತಿರಬಾರದಾ? ಅಲ್ಲೇ ಹೊರಗ ಬೆಂಚಿನ ಮ್ಯಾಲೆ ನಮ್ಮ ಬ್ಯಾಚಿನವನೇ ಇನ್ನೊಬ್ಬ ಕೂತಿದ್ದ. ಅದೇ ಕಾಲು, ಅದೇ ಜಾಗ. ಮೈ ಉರೀತು ನನಗೆ.

ಫೀಸು ವಾಪಸ್ ಕೇಳ್ದೆ. "ನಿನ್ ಎಲುಬಿನಾಗ ಕ್ಯಾಲ್ಸಿಯಂ ಇಲ್ಲಂದ್ರ ನಾವೇನ್ ಮಾಡ್ಲಿ? ಫಾರ್ಮಿಗೆ ಸಹಿ ಮಾಡಿಲ್ಲೇನು?" ಅಂದ್ರು. ಅಪ್ಪ ಹೋಗಿ ಕೇಳಿದ್ರ "ನಿಮ್ಮ ಹುಡುಗ ನಾಜೂಕು ಅದಾನ್ರಿ ಯಜಮಾನ್ರೇ" ಅಂದ್ರಂತ. ತೊಗರಿ ಮಾರಿದ ರೊಕ್ಕ ಅದು. ಎಂಆರ್‌ಐ ಖರ್ಚು ಬ್ಯಾರೆ.

ವಾರಕ್ಕೆ ಒಂದೆರಡು ದಿನ ರಜೆ ಕೊಡದ ಕಡೆ ಸೇರಬ್ಯಾಡ್ರಿ. ಎಲುಬನ್ನ ಬೆರಳಿನಿಂದ ಒತ್ತಿದ್ರೆ ಒಂದೇ ಕಡೆ ಚುಚ್ಚಿದಂಗ ನೋಯ್ತಿದ್ರೆ ಅವತ್ತೇ ಓಟ ನಿಲ್ಲಿಸಿ ಎಲುಬಿನ ಡಾಕ್ಟರಿಗೆ ತೋರಿಸ್ರಿ, ಕೋಚ್ ಮಾತು ಕೇಳಬ್ಯಾಡ್ರಿ. ಫೀಸು ಒಮ್ಮೆಲೇ ಪೂರಾ ಕಟ್ಟಲೇಬ್ಯಾಡ್ರಿ. ಇವರ ಹೊಸ ಬ್ಯಾಚ್ ಮುಂದಿನ ತಿಂಗಳು ಶುರು ಆಗ್ತದ.