ಪ್ರಶ್ನಾವಳಿಯೋ, ಆಳ ಸಂದರ್ಶನವೋ?

ನಿಮ್ಮ ಸಂಶೋಧನೆಯಲ್ಲಿ ಎಷ್ಟು ಮನೆಗಳಿಗೆ ಪಡಿತರ ಸಾಲುತ್ತಿಲ್ಲ ಎಂದು ತಿಳಿಯಬೇಕಾದರೆ ಪ್ರಶ್ನಾವಳಿ ಹಿಡಿಯಿರಿ. ಸಾಲದಾಗ ಮನೆಯಲ್ಲಿ ಯಾರು ಕಡಿಮೆ ಉಣ್ಣುತ್ತಾರೆ, ಯಾಕೆ ಎಂಬುದಕ್ಕೆ ಸಂದರ್ಶನವೇ ಸರಿ.

ಪ್ರಶ್ನಾವಳಿಗೆ ಯಾದೃಚ್ಛಿಕವಾಗಿ (ಚೀಟಿ ಎತ್ತಿದಂತೆ) ಆಯ್ದ 385 ಉತ್ತರಗಳಿದ್ದರೆ, ಶೇ. 95ರ ವಿಶ್ವಾಸಮಟ್ಟದಲ್ಲಿ, ಅಂದರೆ ಇಂಥ ನೂರು ಸಮೀಕ್ಷೆಗಳಲ್ಲಿ ಸುಮಾರು 95ರಲ್ಲಿ, ಅಂದಾಜು ನಿಜವಾದ ಶೇಕಡಾವಾರಿಗಿಂತ ಹೆಚ್ಚೆಂದರೆ 5 ಅಂಶದಷ್ಟು ಆಚೀಚೆ. ಸಿಕ್ಕಸಿಕ್ಕವರನ್ನು ಕೇಳಿದರೆ ಈ ಲೆಕ್ಕ ನಿಲ್ಲದು. ಕೆಡುವುದು ಹೆಚ್ಚಾಗಿ ಪ್ರಶ್ನೆಯಲ್ಲೇ: ‘ಅಕ್ಕಿಯ ತೂಕ, ಗುಣಮಟ್ಟ ಸರಿಯಿದೆಯೇ?’ ಎಂದರೆ ‘ಇಲ್ಲ’ ಅಂದದ್ದು ಯಾವುದಕ್ಕೆ? ಎರಡಾಗಿ ಒಡೆದು, ಮೊದಲು 10 ಮನೆಗಳಲ್ಲಿ ಕೇಳಿ ನೋಡಿ. ವಿಶ್ಲೇಷಣೆಗೆ ಎಕ್ಸೆಲ್ ಸಾಕು.

ಸಂದರ್ಶನಕ್ಕೆ ಜನ ಕಡಿಮೆ, ದುಡಿಮೆ ಹೆಚ್ಚು. ಒಂದು ಗಂಟೆಯ ಧ್ವನಿಮುದ್ರಣವನ್ನು ಬರಹಕ್ಕಿಳಿಸಲು 4ರಿಂದ 6 ಗಂಟೆ ಬೇಕು. ಅತ್ತೆ ಪಕ್ಕದಲ್ಲೇ ಕೂತಿದ್ದರೆ ಸೊಸೆಯ ಮಾತು ಬದಲಾಗಬಹುದು. ಯಾರ್ಯಾರಿದ್ದರೆಂದು ಅಂದೇ ಬರೆದಿಡಿ. ಮೂರು ಸಂದರ್ಶನ ಮುಗಿದೊಡನೆ ಕೋಡಿಂಗ್ (ಮಾತಿನ ತುಣುಕುಗಳಿಗೆ ವಿಷಯವಾರು ಹೆಸರಿಟ್ಟು ವಿಂಗಡಿಸುವುದು) ಶುರುಮಾಡಿ, ನಾಲ್ಕನೆಯದರಲ್ಲಿ ಏನು ಕೆದಕಬೇಕೆಂದು ಆಗ ಹೊಳೆಯುತ್ತದೆ. ಕೈಯಲ್ಲಿರುವುದು ಒಂದೇ ಸೆಮಿಸ್ಟರ್ ಆದರೆ ಎರಡನ್ನೂ ಹೊರಬೇಡಿ.