ಫೈಂಡ್, ಲೊಕೇಟ್, ಎಫ್‌ಡಿ: ಒಂದು ತಿಂಗಳು ಮೂರರಲ್ಲೂ ಫೈಲ್ ಹುಡುಕಿದೆ

ಹೆಸರು ಅರ್ಧ ನೆನಪಿದೆ, ಎಲ್ಲಿಟ್ಟೆ ಅನ್ನೋದು ಮರೆತಿದೆ. ಇಂಥ ಫೈಲ್‌ಗಳನ್ನು ನನ್ನ ಉಬುಂಟು (ಲಿನಕ್ಸ್) ಲ್ಯಾಪ್‌ಟಾಪಿನ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಫೈಂಡ್, ಲೊಕೇಟ್, ಎಫ್‌ಡಿ ಎಂಬ ಮೂರು ಕಮಾಂಡ್‌ಗಳಿಂದ ಹುಡುಕಿ ನೋಡಿದೆ. ವೇಗಕ್ಕಿಂತ ಜಾಸ್ತಿ ನನಗೆ ಬೇಕಿದ್ದದ್ದು ಒಂದೇ: ಏನೂ ತೋರಿಸದೆ ಸುಮ್ಮನಾದರೆ ಫೈಲ್ ನಿಜಕ್ಕೂ ಇಲ್ಲ ಅಂತ ನಂಬಬಹುದಾ?

ಲೊಕೇಟ್ ಎಂಟರ್ ಒತ್ತುವಷ್ಟರಲ್ಲಿ ಉತ್ತರ ಕೊಡುತ್ತದೆ. ಅದು ಡಿಸ್ಕ್ ಹುಡುಕುವುದೇ ಇಲ್ಲ, ಅಪ್‌ಡೇಟ್‌ಡಿಬಿ ಎಂಬ ಇನ್ನೊಂದು ಪ್ರೋಗ್ರಾಂ ಮೊದಲೇ ಮಾಡಿಟ್ಟ ಪಟ್ಟಿಯನ್ನು ನೋಡುತ್ತದೆ. ಆ ಪಟ್ಟಿ ಸಾಮಾನ್ಯವಾಗಿ ದಿನಕ್ಕೊಮ್ಮೆ ಹೊಸದಾಗುತ್ತದೆ. ಹಾಗಾಗಿ ಬೆಳಿಗ್ಗೆ ಇಳಿಸಿಕೊಂಡ ಪಿಡಿಎಫ್ ಮಧ್ಯಾಹ್ನ ಹುಡುಕಿದರೆ ಸಿಗಲಿಲ್ಲ, ಆಗಲೇ ಅಳಿಸಿದ್ದ ಫೋಟೋ ಮಾತ್ರ ಪಟ್ಟಿಯಲ್ಲಿ ಹಾಗೇ ಇತ್ತು. ಪೆನ್‌ಡ್ರೈವ್ ಅಂತೂ ಅದರ ಲೆಕ್ಕಕ್ಕೇ ಇಲ್ಲ, ಅದು ಕಾಣಿಸಿಕೊಳ್ಳುವ ಮೀಡಿಯಾ ಫೋಲ್ಡರನ್ನು ಸೆಟ್ಟಿಂಗ್‌ನಲ್ಲೇ ಪಟ್ಟಿಯಿಂದ ಹೊರಗಿಟ್ಟಿರುತ್ತಾರೆ.

ಎಫ್‌ಡಿ ಬರೆಯಲು ಹಗುರ. ಹೆಸರಿನ ಒಂದು ತುಂಡು ಕೊಟ್ಟರೆ ಸಾಕು. ಇಂಗ್ಲಿಷಿನ ಚಿಕ್ಕ ಅಕ್ಷರದಲ್ಲಿ ಟೈಪ್ ಮಾಡಿದರೆ ದೊಡ್ಡ ಅಕ್ಷರದ್ದೂ ಸಿಗುತ್ತದೆ. ಉಬುಂಟುವಿನಲ್ಲಿ ಇದರ ಹೆಸರು ಎಫ್‌ಡಿಫೈಂಡ್. ಆದರೆ ಡಾಟ್‌ನಿಂದ ಶುರುವಾಗುವ ಫೈಲ್‌ಗಳನ್ನೂ, ಗಿಟ್‌ಇಗ್ನೋರ್‌ನಲ್ಲಿ (ಗಿಟ್ ಎಂಬ ಕೋಡ್ ಸಾಧನ ಲೆಕ್ಕಿಸಬಾರದ ಫೈಲ್‌ಗಳ ಪಟ್ಟಿ) ಇರುವುದನ್ನೂ ಅದು ತಾನಾಗಿ ಬಿಟ್ಟುಬಿಡುತ್ತದೆ. ಕಮಾಂಡ್ ಜೊತೆ 'ಮೈನಸ್ ಯು' (-u) ಹಾಕಿದ ಮೇಲೆಯೇ ಎಲ್ಲವೂ ಕಾಣುವುದು.

ಫೈಂಡ್ ಬರೆಯಲು ಉದ್ದ, ನಿಧಾನ ಕೂಡ. 'ಇಲ್ಲಿ ಏನಿದ್ದರೂ ಸರಿ' ಅನ್ನುವ ನಕ್ಷತ್ರ ಚಿಹ್ನೆಗೆ (*) ಉದ್ಧರಣ ಚಿಹ್ನೆ ಹಾಕದಿದ್ದರೆ ಫೈಂಡ್‌ಗೆ ತಲುಪುವ ಮೊದಲೇ ಶೆಲ್ (ನಾವು ಟೈಪ್ ಮಾಡಿದ್ದನ್ನು ಓದಿ ಕಮಾಂಡ್ ನಡೆಸುವ ಪ್ರೋಗ್ರಾಂ) ಅದನ್ನು ಫೈಲ್ ಹೆಸರುಗಳಾಗಿ ಬಿಡಿಸಿಬಿಡಬಹುದು. ಹೆಸರು ಕೊಡುವಾಗ 'ನೇಮ್' (-name) ಆಯ್ಕೆಯ ಬದಲು 'ಐನೇಮ್' (-iname) ರೂಢಿ ಮಾಡಿಕೊಳ್ಳಿ, ದೊಡ್ಡ-ಚಿಕ್ಕ ಅಕ್ಷರದ ತಲೆನೋವು ಇರುವುದಿಲ್ಲ. ಇಷ್ಟಾದರೂ ನನ್ನ ಓಟು ಇದಕ್ಕೇ. ಈಗ, ಈ ಕ್ಷಣ ಡಿಸ್ಕಿನಲ್ಲಿ ಏನಿದೆಯೋ ಅದನ್ನೇ ನೋಡುತ್ತದೆ. ಅನುಮತಿ ಇಲ್ಲದ ಫೋಲ್ಡರ್ ಎದುರಾದರೆ ಅದನ್ನೂ ಹೇಳುತ್ತದೆ.

ಮೂರೂ ಸೋತದ್ದು ಕನ್ನಡ ಹೆಸರಿನ ಮುಂದೆ. ಬೇರೆ ಕಂಪ್ಯೂಟರಿನಿಂದ ಬಂದ 'ಬೇಲೂರು' ಅನ್ನೋ ಫೋಟೋ ಕಣ್ಣೆದುರೇ ಇದ್ದರೂ ಯಾವುದಕ್ಕೂ ಸಿಗಲಿಲ್ಲ. ಕಾರಣ ಇಷ್ಟೇ: 'ಬೇ' ಬರೆಯಲು ಯೂನಿಕೋಡ್‌ನಲ್ಲಿ (ಅಕ್ಷರಗಳಿಗೆ ಕಂಪ್ಯೂಟರ್ ಬಳಸುವ ಸಂಖ್ಯೆ-ಕೋಡ್‌ಗಳ ವ್ಯವಸ್ಥೆ) ಎರಡು ದಾರಿ ಇವೆ, ಸ್ವರಚಿಹ್ನೆ ಒಂದೇ ಕೋಡ್ ಆಗಿರಬಹುದು ಅಥವಾ ಎತ್ವ ಬೇರೆ, ದೀರ್ಘ ಬೇರೆ ಆಗಿರಬಹುದು. ಓದುವ ನಮಗೆ ಎರಡೂ ಒಂದೇ, ಆದರೆ ಈ ಮೂರೂ ಕೋಡ್ ಹೋಲಿಸುತ್ತವೆ ಅಲ್ವಾ, ಅವಕ್ಕೆ ಬೇರೆ ಬೇರೆ. 'ಕೀ', 'ಕೈ', 'ಕೊ', 'ಕೋ' ಇದ್ದ ಕಡೆಯೂ ಇದೇ ಕತೆ. ಅಂಥ ಅಕ್ಷರ ಬಿಟ್ಟು ಉಳಿದ ತುಂಡನ್ನು ಕೊಡಿ. 'ಲೂರು' ಅಂತ ಹುಡುಕಿದೆ, ಫೋಟೋ ಸಿಕ್ಕಿತು.